ಹಲಬರ್ಗಾದ ಖೇಪು

ಏಕನಾಥ ಹೈದರಾಬಾದಿನ ಒಂದು ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಿದ್ದ. ಊರು ಭಾಲ್ಕಿ ತಾಲ್ಲೂಕಿನ ಹಲಬರ್ಗಾ. ಸಾಲಾಗಿ ಎರಡು ವರ್ಷ ಮಳೆ ಕೈಕೊಟ್ಟಾಗ ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದವು. ಅವನೂ ಮಗ, ಸೊಸೆ, ಮೊಮ್ಮಗಳು ಸುಜಾತಾಳ ಜೊತೆ ರೈಲು ಹತ್ತಿದ. ಅಕ್ಕ ಜಿಜಾಬಾಯಿ ಮಾತ್ರ ಮಗಳು ಅಳಿಯನೊಂದಿಗೆ ಊರಲ್ಲೇ ಉಳಿದಳು. “ಎಲ್ಲಾರೂ ಹೋದ್ರ ಬುದ್ಧ ವಿಹಾರದಾಗ ದೀಪಾ ಹಚ್ಚೋರು ಯಾರು?” ಎಂದು ಜಗ್ಗಲಿಲ್ಲ. ತಾಯಿ ತೀರಿಕೊಂಡಾಗ ಏಕನಾಥ ಇನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ.

2016ರ ಏಪ್ರಿಲ್‌ನಲ್ಲಿ ಭಾಲ್ಕಿಯಿಂದ ಶಿವರಾಜಪ್ಪ ಮಾಸ್ತರರ ಫೋನು ಬಂತು. ನಿವೃತ್ತರಾದ ಮೇಲೆ ಊರಿನ ಹಳೆಯ ವಸ್ತುಗಳನ್ನು ಕೂಡಿಹಾಕುವುದೇ ಅವರ ಹುಚ್ಚು. ದುಡಿಯಲು ಪುಣೆ, ಹೈದರಾಬಾದು ಸೇರಿದ ಸಂಸಾರಗಳನ್ನೆಲ್ಲ ಮಕ್ಕಳ ಸಮೇತ ಕರೆಸಿ, ಶನಿವಾರ ಭಾನುವಾರ ‘ನಮ್ಮ ಹಳೆ ಭಾಲ್ಕಿ’ ಎಂಬ ಉತ್ಸವ ಮಾಡುವವರಿದ್ದರು. ಬೀಸುಕಲ್ಲು, ಟಾಂಗಾ, ಚಿಣಿದಾಂಡು, ಬುಗುರಿ ಎಲ್ಲವೂ ಇದ್ದವು.

“ಮೋಟ ಹೊಡೆಯೋರು ಈಗ ಯಾರೂ ಉಳಿದಿಲ್ಲ ಏಕನಾಥ. ನೀ ಬರಬೇಕು.”

ಮೋಟ ಎಂದರೆ ದೊಡ್ಡ ತೊಗಲಿನ ಚೀಲ. ಅದನ್ನು ಬಾವಿಗಿಳಿಸಿ, ಹಗ್ಗಕ್ಕೆ ಎತ್ತು ಹೂಡಿ, ಇಳಿಜಾರಿನಲ್ಲಿ ಹೊಡೆದರೆ ನೀರು ಮೇಲೆ ಬಂದು ಕಾಲುವೆಗೆ ಬೀಳುತ್ತದೆ. ಎಂಜಿನ್ನುಗಳು ಬರುವ ತನಕ ಏಕನಾಥನ ಹರೆಯವೆಲ್ಲ ಹೋಗಿದ್ದು ಮಂದಿಯ ತೋಟಗಳಲ್ಲಿ ಹಾಗೆ ನೀರು ಎತ್ತುವುದರಲ್ಲೇ. ಅವನು ರಜೆ ಕೇಳಿಕೊಂಡು, ಸುಜಾತಾಳನ್ನು ಕರೆದುಕೊಂಡು ಹೊರಟ.

ಉತ್ಸವ ನಡೆದಿದ್ದು ಕೋಟೆಯ ಹತ್ತಿರದ ಒಂದು ಹಳೆಯ ತೋಟದಲ್ಲಿ. ಗಿಡಗಳು ಒಣಗಿ ನಿಂತಿದ್ದವು, ಆದರೆ ಬಾವಿಯಲ್ಲಿ ನೀರಿತ್ತು. ಸೆಲೆ ಛಲೋ ಇರಬೇಕು ಎಂದುಕೊಂಡ. ಔರಾದದಿಂದ ತರಿಸಿದ್ದ ಒಂದು ಜೋಡಿ ದೇವಣಿ ತಳಿಯ ಎತ್ತು ಕಾದಿದ್ದವು. ಪಕ್ಕೆಲುಬು ಕಾಣುತ್ತಿದ್ದರೂ ನಡಿಗೆ ಮರೆತಿರಲಿಲ್ಲ. ಏಕನಾಥ ಹಗ್ಗದ ಮೇಲೆ ಕೂತು ಎತ್ತುಗಳನ್ನು ಕೂಗಿ ಹೊಡೆದ. ರಾಟೆ ಕಿರುಗುಟ್ಟಿತು. ಚೀಲ ಮೇಲೇರಿ ಭಳ್ಳೆಂದು ನೀರು ಸುರಿಯಿತು. ಮಕ್ಕಳು ಕಾಲುವೆಯೊಳಗೆ ಜಿಗಿದರು. ತಂದೆತಾಯಿಗಳು ಮೊಬೈಲು ಎತ್ತಿ ಹಿಡಿದರು. ಎತ್ತುಗಳು ತಿರುಗಿ ಬಂದಾಗಲೆಲ್ಲ ಕಾಲುವೆಗೆ ಮೂತಿಯಿಟ್ಟು ಕುಡಿದವು. ಏಕನಾಥನ ಗಂಟಲಿನಿಂದ ತಾನಾಗಿಯೇ ಹಳೆಯ ಹಾಡು ಹೊರಟಿತು. ಹೈದರಾಬಾದಿನಲ್ಲಿ ದಿನವಿಡೀ ಕಾರುಗಳಿಗೆ ಸಲಾಮು ಹೊಡೆಯುವ ಅವನಿಗೆ ಇಷ್ಟು ಜನ ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

“ಇಂವ ನಮ್ಮ ಅಜ್ಜ,” ಎಂದು ಸುಜಾತಾ ಕಂಡವರಿಗೆಲ್ಲ ಹೇಳುತ್ತ ತಿರುಗಿದಳು.

ಮಧ್ಯಾಹ್ನ ಬೇವಿನ ನೆರಳಲ್ಲಿ ರೊಟ್ಟಿ ಝುಣಕ ತಿನ್ನುವಾಗ ಪಕ್ಕದಲ್ಲಿ ಬಂದು ಕೂತವನು ದಸ್ತಗೀರ. ಹಳ್ಳಿಗಳಿಗೆ ನೀರಿನ ಟ್ಯಾಂಕರ್ ಹೊಡೆಯುವವನು.

“ಕಾಕಾ, ಛಲೋ ಹೊಡದ್ರಿ. ಬಾವಿ ತುಂಬಿಸಿದ್ದು ಸಾರ್ಥಕ ಆತು.”

“ತುಂಬಿಸಿದ್ದಂದ್ರ?”

“ಬಾವಿ ಒಣಗಿತ್ರಿ. ಇವತ್ತಿನ ಒಂದು ಖೇಪು, ಒಂದು ಟ್ಯಾಂಕರ್ ನೀರು, ಇಲ್ಲಿ ಹಾಕು ಅಂದ್ರು ಮಾಸ್ತರ್ರು. ನಾಳೆ ಮುಂಜಾನಿ ಮತ್ತೊಂದು ಹಾಕ್ತೇನಿ.”

“ಯಾವೂರಿನ ಖೇಪದು?”

ದಸ್ತಗೀರ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದ. “ನಿಮ್ಮ ಹಲಬರ್ಗಾದ್ದೇರಿ. ನಿಮ್ಮ ಓಣಿದು. ನಿಮಗ ಗೊತ್ತಿರಬೇಕಂದಕೊಂಡಿದ್ದೆ.”

ಏಕನಾಥ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಹಾಕಿದ. ಸಂಜೆ ಇನ್ನೊಂದು ಸಲ ಮೋಟ ಹೊಡೆಯಬೇಕಿತ್ತು. ಒಲ್ಲೆ ಎನ್ನಬೇಕೆಂದು ಎದ್ದ. ಅಷ್ಟರಲ್ಲಿ ಸುಜಾತಾ ಹೊಸ ಗೆಳತಿಯರ ಗುಂಪನ್ನೇ ಎಳೆದುಕೊಂಡು ಬಂದಳು. “ಅಜ್ಜಾ, ಇವರು ನೋಡಿಲ್ಲಂತ. ಮತ್ತ ಹಾಡ್ತಿಯಲ್ಲಾ?” ಸುರಿದ ನೀರು ಹೇಗೂ ತಿರುಗಿ ಊರಿಗೆ ಹೋಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅವನು ಹಗ್ಗದ ಮೇಲೆ ಕೂತ. ಹಾಡಿದ ಕೂಡ. ಬೆಳಗಿನದಕ್ಕಿಂತ ಹೆಚ್ಚು ಜನ ಸೇರಿದ್ದರು. ಅವನಿಗೆ ಖುಷಿಯಾಗಿದ್ದೂ ಸುಳ್ಳಲ್ಲ.

ಕತ್ತಲಾಗುವ ಹೊತ್ತಿಗೆ ಮೊಮ್ಮಗಳೊಡನೆ ಹಲಬರ್ಗಾ ಮುಟ್ಟಿದ. ಅಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಬಲಗೈ ಮಣಿಕಟ್ಟಿಗೆ ಅರಿವೆ ಸುತ್ತಿತ್ತು, ಬೆರಳುಗಳು ಬಾತಿದ್ದವು.

“ಟ್ಯಾಂಕರ್ ಹಾದಿ ಕಾದು ಕಾದು ಸಾಕಾತು,” ಎಂದಳು ಜಿಜಾಬಾಯಿ. “ಹಳ್ಳದ ಉಸುಕಿನಾಗ ನೀರಿಗಂತ ವರತಿ ತೋಡ್ಯಾರ. ಅಲ್ಲಿಂದ ಕೊಡಾ ತುಂಬಕೊಂಡು ದಂಡಿ ಏರುವಾಗ ಕಾಲು ಜಾರಿತು. ಕೊಡಾನೂ ಹೋತು. ಹೋಗಲಿ, ನಿನ್ನ ಜಾತ್ರಿ ಹ್ಯಾಂಗ ಆತು?”

“ಆತು,” ಎಂದ. ಸುಜಾತಾಳ ಫ್ರಾಕು ಕಾಲುವೆಯ ನೀರಿಗೆ ಇನ್ನೂ ಹಸಿಯಾಗಿತ್ತು. ಅಕ್ಕನ ಕಣ್ಣು ಅದರ ಮೇಲೆ ಬಿದ್ದೀತೆಂದು ಹೆದರಿ ಮಗುವನ್ನು ಒಳಗೆ ಕಳಿಸಿದ.

ಭಾನುವಾರ ಬೆಳಿಗ್ಗೆ ದಸ್ತಗೀರ ಪೈಪು ಬಿಚ್ಚುವ ಮೊದಲೇ ಏಕನಾಥ ಬಾವಿಯ ಬಳಿ ನಿಂತಿದ್ದ.

“ಮಾಸ್ತರ್ರ, ಈ ನೀರು ಇಲ್ಲಿ ಬಿಡಬ್ಯಾಡ್ರಿ. ನಾ ಹೊಡಿಯಾಂಗಿಲ್ಲ.”

ಶಿವರಾಜಪ್ಪ ಸುತ್ತ ನೋಡಿ ದನಿ ತಗ್ಗಿಸಿದರು. “ಎರಡು ದಿನದ ಮಾತು. ಎಷ್ಟ ದೂರದಿಂದ ಬಂದಾರ ಮಂದಿ. ಊರ ಮರೀಬಾರದು ಅಂತನ ಇದೆಲ್ಲಾ ಮಾಡೀನಿ.”

“ಖರೆ ಅದರಿ. ಊರಾಗ ಇದ್ದೋರನ್ನ ಮರತೇವ್ರಿ. ನಾನೂ ಮರತೆ. ನನಗ ನಿನ್ನೆ ಮಧ್ಯಾಹ್ನನ ಗೊತ್ತಾಗಿತ್ತು. ಆದ್ರೂ ಸಂಜಿಕ ಹೊಡದೆ.” ಅಕ್ಕನ ಕೈಯ ಸಂಗತಿ ಹೇಳಿದ.

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ದಸ್ತಗೀರನ ಕಡೆ ಕೈಬೀಸಿದರು. “ಹಲಬರ್ಗಾಕ್ಕ ಒಯ್ಯಿ.” ಬಾವಿಯ ಹತ್ತಿರ ಕಾದಿದ್ದ ಮಕ್ಕಳನ್ನು ತಾವೇ ಟಾಂಗಾದ ಕಡೆಗೆ ಕರೆದೊಯ್ದರು.

ಟ್ಯಾಂಕರಿನಲ್ಲಿ ಏಕನಾಥನೂ ಹೋದ. ಓಣಿಯ ಹೆಂಗಸರು ಕೊಡ ಹಿಡಿದು ಓಡಿ ಬಂದರು. “ಏಕನಾಥ ಅಣ್ಣಾ ಜಗಳಾಡಿ ತಂದಾನ” ಎಂದು ಯಾರೋ ಅಂದರು. ಆ ಮಾತು ಅವನಿಗೆ ಹೊಡೆತದಂತೆ ಬಿತ್ತು. ಪೈಪು ಬೇರೆಯವರ ಕೈಗೆ ಕೊಟ್ಟು ಅಕ್ಕನ ಬಳಿ ಹೋಗಿ, ಎಲ್ಲವನ್ನೂ ಹೇಳಿಬಿಟ್ಟ. ಬೈದರೆ ಸಾಕು ಎಂದು ತಲೆ ತಗ್ಗಿಸಿ ನಿಂತ.

ಜಿಜಾಬಾಯಿ ಬೈಯಲಿಲ್ಲ. “ಸುಜಾತಾ ಖುಷಿಪಟ್ಟಳೇನು?” ಎಂದು ಕೇಳಿದಳು.

“ಪಟ್ಟಳಕ್ಕ.”

“ಹೂಂ,” ಎಂದಳು. ಎಡಗೈಯಿಂದ ಕೊಡ ಅವನತ್ತ ಸರಿಸಿದಳು. “ತುಂಬಕೊಂಡು ಬಾ. ನನಗ ಎತ್ತಲಿಕ್ಕ ಆಗಾಂಗಿಲ್ಲ.”

ಅಕ್ಕನ ಕೈಗೆ ಭಾಲ್ಕಿಯಲ್ಲಿ ಪಟ್ಟಿ ಹಾಕಿಸಿ, ಮರುದಿನ ಮೊಮ್ಮಗಳೊಡನೆ ರೈಲು ಹತ್ತಿದ. ಆ ವರ್ಷವೇ ಸೆಪ್ಟೆಂಬರಿನಲ್ಲಿ ಮಳೆ ಹುಚ್ಚು ಹಿಡಿದಂತೆ ಸುರಿದು ಹಳ್ಳ ಉಕ್ಕಿ, ಕೆರೆ ಒಡೆದು ಹರಿದವು. ಮಾಸ್ತರರು ಫೋನು ಮಾಡಿ, “ಈಗ ಬಾವಿ ತಾನ ತುಂಬ್ಯದ, ದಸರಾಕ್ಕ ಬಾ” ಎಂದರು. ಏಕನಾಥ ಬರುತ್ತೇನೆಂದ, ಆದರೆ ಭಾಲ್ಕಿಗೆ ಹೋಗಲಿಲ್ಲ. ಹಬ್ಬಕ್ಕೆ ನೇರ ಹಲಬರ್ಗಾಕ್ಕೆ ಹೋದ. ಅಕ್ಕನ ಮಣಿಕಟ್ಟು ಕೊಂಚ ಸೊಟ್ಟಗೇ ಕೂಡಿತ್ತು. ಅವಳು ರೊಟ್ಟಿ ಬಡಿಯುವ ಸಪ್ಪಳ ಮೊದಲಿನಂತಿರಲಿಲ್ಲ, ನಡುನಡುವೆ ತಡೆಯುತ್ತಿತ್ತು. ಅವನು ಒಲೆಯ ಮುಂದೆ ಕೂತು ಕೇಳುತ್ತಲೇ ಉಂಡ.