ಐದು ಟನ್ ಟ್ರಕ್ಕು, ನಾಲ್ಕು ನಿಂಬೆಹಣ್ಣು

ಕರ್ಪೂರದ ಕಿಡಿ ಇಂಧನದ ಡ್ರಮ್ಮಿಗೆ ತಾಗಬಹುದಿತ್ತು. ತೆಂಗಿನಕಾಯಿಯ ಚೂರು ಯಾರದಾದರೂ ಕಣ್ಣಿಗೆ ಸಿಡಿದು, ಅವರು ನನ್ನ ಮೇಲೆ ಕೇಸ್ ಹಾಕಬಹುದಿತ್ತು. ಬ್ರೇಕ್ ಹಿಡಿಯದೆ ಟ್ರಕ್ಕು ಬೇಲಿ ಮುರಿದು ಪಕ್ಕದವರ ಕುದುರೆ ಲಾಯಕ್ಕೆ ನುಗ್ಗಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಡೋನಾ ಮತ್ತೆ ಬೆನ್ನು ಮುರಿದುಕೊಳ್ಳಬಹುದಿತ್ತು, ಅದೂ ನಾನು ಪೂಜೆ ಮಾಡಿದ ಮೇಲೆ! 2022ರ ಆ ಶನಿವಾರಕ್ಕೆ ಮೊದಲು ನಾನು ಪಟ್ಟ ಚಿಂತೆಗಳಲ್ಲಿ ಇವು ಮುಖ್ಯವಾದವು ಮಾತ್ರ. ಸ್ಯಾನ್ ಡಿಯಾಗೋ ಹತ್ತಿರದ ಕಾರ್ಲ್ಸ್‌ಬಾಡ್‌ನಲ್ಲಿ ಒಂದು ಔಷಧ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ನನಗೆ ಸಂಬಳ ಕೊಡುವುದೇ ಏನೇನು ಕೆಡಬಹುದು ಎಂದು ಯೋಚಿಸುವುದಕ್ಕೆ. ಮನೆಯಲ್ಲಿ ಅದೇ ಕೆಲಸವನ್ನು ಬಿಟ್ಟಿ ಮಾಡುತ್ತೇನೆ.

ಡೋನಾ ನಮ್ಮ ಪಕ್ಕದ ಮನೆಯವರು. ಅರವತ್ತು ದಾಟಿದೆ. ಕೆಲಸ, ಮಾನ್‌ಸ್ಟರ್ ಟ್ರಕ್ ಓಡಿಸುವುದು. ಆಳೆತ್ತರದ ಚಕ್ರಗಳ ಮೇಲೆ ಕೂತು, ಸ್ಟೇಡಿಯಂ ತುಂಬ ಜನರ ಮುಂದೆ ಹಳೇ ಕಾರುಗಳನ್ನು ಹಪ್ಪಳ ಮಾಡುತ್ತದಲ್ಲ, ಅದೇ. ಮೂವತ್ತು ವರ್ಷದ ಹಿಂದೆ ಟ್ರಕ್ಕು ಓಡಿಸುತ್ತಿದ್ದ ಗಂಡನಿಗೆ ಜ್ವರ ಬಂದ ದಿನ ಅವನ ಬದಲಿಗೆ ಹತ್ತಿ ಕೂತವರು ಮತ್ತೆ ಇಳಿಯಲಿಲ್ಲವಂತೆ. ಗಂಡನೇ ಬೇಜಾರಾಗಿ ಬೇರೆ ಊರಿಗೆ ಹೋದ. ಈಗ ಅವರದೇ ತಂಡವಿದೆ, ಎರಡು ಟ್ರಕ್ಕುಗಳಿವೆ.

ಹಿಂದಿನ ವರ್ಷ ಲಾಸ್ ಏಂಜಲೀಸ್‌ನ ಷೋನಲ್ಲಿ ಅವರ ಟ್ರಕ್ಕು ಹಾರಿ ಮೂತಿ ಕೆಳಗಾಗಿ ಬಿದ್ದಿತ್ತು. ಮುರಿದ ಬೆನ್ನುಮೂಳೆ ಕೂಡಿಕೊಂಡಿತು, ಡಾಕ್ಟರು ಓಡಿಸಬಹುದು ಎಂದರು, ಟ್ರಕ್ಕನ್ನೂ ಹೊಸದಾಗಿ ಕಟ್ಟಿಸಿದ್ದಾಯಿತು. ಸ್ಯಾನ್ ಡಿಯಾಗೋ ಷೋ ಹತ್ತಿರ ಬಂದಿತ್ತು. ಆದರೆ ಸೀಟಿನಲ್ಲಿ ಕೂತರೆ ಸಾಕು, ಅವರ ಕೈ ನಡುಗುತ್ತಿತ್ತು.

"ಈ ಷೋನಲ್ಲಿ ಓಡಿಸೋಕೆ ಆಗದಿದ್ದರೆ ತಂಡವನ್ನೇ ಮಾರಿಬಿಡ್ತೀನಿ," ಎಂದಿದ್ದರು ಒಮ್ಮೆ. "ನನ್ನ ಟ್ರಕ್ಕನ್ನು ಬೇರೆಯವರು ಓಡಿಸೋದನ್ನ ನೋಡ್ತಾ ಕೂರೋಕೆ ನನ್ನ ಕೈಲಾಗಲ್ಲ."

ಅದೇ ವಾರ ನಾವು ಕಾರು ಕೊಂಡು, ಮನೆ ಮುಂದೆಯೇ ಪೂಜೆ ಮಾಡಿದೆವು. ಡೋನಾ ಕಾಫಿ ಹಿಡಿದುಕೊಂಡು ಬೇಲಿಯ ಆಚೆಯಿಂದ ನೋಡುತ್ತಿದ್ದರು.

"ಚಕ್ರದ ಕೆಳಗೆ ನಿಂಬೆಹಣ್ಣು ಯಾಕೆ?"

"ಕಾರು ಹತ್ತಿ ಅದು ಅಪ್ಪಚ್ಚಿಯಾದರೆ, ಬರಬೇಕಾದ ಕೆಟ್ಟದ್ದೆಲ್ಲ ಅಲ್ಲಿಗೇ ಮುಗೀತು ಅಂತ."

"ಅಪ್ಪಚ್ಚಿ ಮಾಡೋದಾ? ನಾನು ಮೂವತ್ತು ವರ್ಷದಿಂದ ಮಾಡ್ತಿರೋದೇ ಅದು! ನನ್ನ ಟ್ರಕ್ಕಿಗೂ ಮಾಡು."

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಸುಧಾ ಒಪ್ಪಿಬಿಟ್ಟಳು. ಅವಳು ಹುಬ್ಬಳ್ಳಿಯವಳು. "ನೀವು ಯೋಚನಿ ಮಾಡ್ಕೋತ ಕುಂತ್ರ ಆ ಟ್ರಕ್ ತುಕ್ಕ್ ಹಿಡೀತದ್ರಿ," ಎಂದಳು.

ಶನಿವಾರ ಬೆಳಿಗ್ಗೆ ನಾವಿಬ್ಬರೂ ಮಗಳೂ ಸ್ಯಾನ್ ಡಿಯಾಗೋದ ಪೂರ್ವಕ್ಕೆ, ಗುಡ್ಡಗಳ ನಡುವೆ ಡೋನಾ ತಮ್ಮ ಟ್ರಕ್ಕುಗಳನ್ನು ನಿಲ್ಲಿಸುವ ಯಾರ್ಡಿಗೆ ಹೋದೆವು. ಕುಂಕುಮ ಇಡಲು ನಾನು ಏಣಿ ಹತ್ತಬೇಕಾಯಿತು. ತಂದಿದ್ದ ಹಾರ ಒಂದು ಹೆಡ್‌ಲೈಟಿಗೆ ಮಾತ್ರ ಸಾಕಾಯಿತು. ತೆಂಗಿನಕಾಯಿ ಒಡೆಯುವಾಗ ತಂಡದವರೆಲ್ಲ ಕಣ್ಣಿಗೆ ಗಾಗಲ್ಸ್ ಹಾಕಿಕೊಂಡು ಹಿಂದೆ ಸರಿದು ನಿಂತರು. "ಹುಬ್ಬಳ್ಳ್ಯಾಗ ತೆಂಗಿನಕಾಯಿಗೆ ಇಷ್ಟು ಮರ್ಯಾದಿ ಯಾರೂ ಕೊಟ್ಟಿಲ್ಲ ನೋಡ್ರಿ," ಎಂದು ಸುಧಾ ನನ್ನ ಕಿವಿಯಲ್ಲಿ ಹೇಳಿದಳು. ನನಗೆ ಬರುವ ಒಂದೇ ಗಣಪತಿ ಶ್ಲೋಕವನ್ನು ಎರಡೆರಡು ಸಲ ಹೇಳಿ ಪೂಜೆ ದೊಡ್ಡದು ಮಾಡಿದೆ.

ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟಾಯಿತು. ಡೋನಾ ಹೆಲ್ಮೆಟ್ ಹಾಕಿ ಹತ್ತಿ ಕೂತರು. ಇಂಜಿನ್ ಮಾತ್ರ ಶುರು ಮಾಡಲಿಲ್ಲ. ಕಾದೆವು. ತಂಡದವರು ತಮ್ಮ ತಮ್ಮ ಬೂಟು ನೋಡಿಕೊಳ್ಳತೊಡಗಿದರು. ಆಗ ಡೋನಾ ಮೇಲಿನಿಂದ ನನ್ನನ್ನು ಕೂಗಿದರು.

"ಶ್ರೀ! ಆ ರಿಮೋಟ್ ನೀನು ಹಿಡ್ಕೋ."

ಟ್ರಕ್ಕು ಹತೋಟಿ ತಪ್ಪಿದರೆ ಹೊರಗೆ ನಿಂತವರೊಬ್ಬರು ಗುಂಡಿ ಒತ್ತಿ ಇಂಜಿನ್ ಆಫ್ ಮಾಡಲೆಂದು ಇರುವ ರಿಮೋಟ್ ಅದು. ಪ್ರತಿ ಓಟಕ್ಕೂ ಅದು ಯಾರದಾದರೂ ಕೈಯಲ್ಲಿ ಇರಲೇಬೇಕು.

"ನಾನಾ? ನನಗೆ ಇದೆಲ್ಲ ಏನೂ ಗೊತ್ತಿಲ್ಲ!"

"ನನ್ನ ಹುಡುಗರಿಗೆ ಭಯ ಅನ್ನೋದೇ ಇಲ್ಲ, ಕೊನೇವರೆಗೂ ಕಾಯ್ತಾರೆ. ನೀನು ನನಗಿಂತ ಪುಕ್ಕಲ. ನನ್ನ ಪಾಲಿನ ಹೆದರಿಕೆಯನ್ನೂ ನೀನೇ ಇಟ್ಕೊಂಡಿರು, ನಾನು ಅಷ್ಟರಲ್ಲಿ ಓಡಿಸಿಬಿಡ್ತೀನಿ."

ನನ್ನ ಹೆದರಿಕೆ ಒಂದು ಅರ್ಹತೆ ಅಂತ ಆವರೆಗೆ ಯಾರೂ ಹೇಳಿರಲಿಲ್ಲ. ತಂಡದ ಮುಖ್ಯ ಮೆಕ್ಯಾನಿಕ್ ರಿಮೋಟ್ ಕೊಟ್ಟು, ನನ್ನ ಪಕ್ಕದಲ್ಲೇ ನಿಂತ. "ಅಪ್ಪಾ, ಪ್ಲೀಸ್ ಡೋಂಟ್ ಪ್ರೆಸ್ ಇಟ್," ಎಂದಳು ಮಗಳು.

ಇಂಜಿನ್ ಗುಡುಗಿತು. ಸದ್ದು ಕಿವಿಗಿಂತ ಮೊದಲು ಪಕ್ಕೆಲುಬಿಗೆ ಕೇಳಿಸಿತು. ಟ್ರಕ್ಕು ನಿಂಬೆಹಣ್ಣು ದಾಟಿ, ಯಾರ್ಡನ್ನು ಒಂದು ಸುತ್ತು ಹಾಕಿ, ಮಣ್ಣಿನ ದಿಬ್ಬಕ್ಕೆ ನುಗ್ಗಿತು. ಮುಂದಿನ ಚಕ್ರಗಳು ನೆಲ ಬಿಟ್ಟವು. ನನ್ನ ಹೆಬ್ಬೆರಳು ಗುಂಡಿಯ ಮೇಲಿತ್ತು. ಮನಸ್ಸಿನಲ್ಲಿ ಆಗಲೇ ಹತ್ತು ಸಲ ಒತ್ತಿದ್ದೆ, ಬೆರಳು ಮಾತ್ರ ಹೇಗೋ ತಡೆದುಕೊಂಡಿತು. ಚಕ್ರಗಳು ಧಡ್ ಎಂದು ನೆಲಕ್ಕೆ ಬಂದವು. ಟ್ರಕ್ಕು ನಿಲ್ಲಲಿಲ್ಲ. ಯಾರೂ ಕೇಳದಿದ್ದರೂ ಇನ್ನೊಂದು ಸುತ್ತು ಹೊರಟಿತು!

ಇಳಿದು ಬಂದು ಡೋನಾ ಎರಡೂ ಕೈ ಚಾಚಿ ತೋರಿಸಿದರು. ಅಲುಗಾಟವಿಲ್ಲ. ನಡುಗುತ್ತಿದ್ದದ್ದು ನನ್ನ ಕೈಗಳು. ಮೆಕ್ಯಾನಿಕ್ ನನ್ನ ಬೆರಳು ಒಂದೊಂದಾಗಿ ಬಿಡಿಸಿ ರಿಮೋಟ್ ತೆಗೆದುಕೊಂಡ.

ಸ್ಯಾನ್ ಡಿಯಾಗೋ ಷೋನಲ್ಲಿ ಅವರು ಓಡಿಸಿದರು, ತಂಡವನ್ನು ಮಾರಲಿಲ್ಲ, ಇವತ್ತಿಗೂ ಓಡಿಸುತ್ತಿದ್ದಾರೆ. ಪ್ರತಿ ಷೋಗೆ ಮುಂಚೆ ಬೇಲಿಯ ಹತ್ತಿರ ಬಂದು, "ಈ ಸಲ ಯಾವ್ಯಾವುದಕ್ಕೆ ಹೆದರಿಕೊಂಡಿದ್ದೀಯ, ಹೇಳು," ಎನ್ನುತ್ತಾರೆ. ನಾನು ಎಲ್ಲವನ್ನೂ ಹೇಳುತ್ತೇನೆ. ಅವರು ನಕ್ಕು ಹೋಗಿ ಟ್ರಕ್ಕು ಹತ್ತುತ್ತಾರೆ. ನನ್ನ ಚಿಂತೆ ಒಬ್ಬರ ಕೆಲಸಕ್ಕಾದರೂ ಬಂತಲ್ಲ ಎಂದು ನನಗೆ ಈಗಲೂ ಒಳಗೊಳಗೇ ಖುಷಿ.

ಹಾಗಾದರೆ ಆ ಶನಿವಾರ ಏನೂ ಕೆಡಲಿಲ್ಲವೇ ಎಂದರೆ, ಕೆಟ್ಟಿತು. ಹೊರಡುವಾಗ ಸುಧಾ ಕೂಗಿದಳು, "ರೀ, ಇಲ್ಲಿ ಬರ್ರಿ, ಇದನ್ನ ನೋಡ್ರಿ!" ಮೂರು ನಿಂಬೆಹಣ್ಣು ಹೇಳಹೆಸರಿಲ್ಲದಂತೆ ಮಣ್ಣಾಗಿದ್ದವು. ನಾಲ್ಕನೆಯದು ಟೈರಿನ ಎರಡು ದಪ್ಪ ಹಲ್ಲುಗಳ ಅಚ್ಚಿನ ನಡುವೆ, ಸ್ವಲ್ಪ ಧೂಳು ಮೆತ್ತಿಕೊಂಡು ಇಡಿಯಾಗಿ ಕೂತಿತ್ತು. ನನ್ನ ಮುಖ ಬಿಳಿಚಿಕೊಂಡಿತು.

"ಏನಾಯ್ತು?" ಎಂದರು ಡೋನಾ.

"ಇದೂ ಒಡೀಬೇಕಿತ್ತು," ಎಂದೆ.

ಅವರು ಅದನ್ನು ಎತ್ತಿ, ತಿರುಗಿಸಿ ನೋಡಿದರು. "ಐದು ಟನ್ ಮೈಮೇಲೆ ಹೋದರೂ ಇದಕ್ಕೆ ಏನೂ ಆಗಿಲ್ಲ. ಇದು ನನ್ನ ಜೊತೆ ಬರಲಿ," ಎಂದು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡರು.

ಷೋ ಬರುವ ಹೊತ್ತಿಗೆ ಜೇಬಿನಲ್ಲೇ ಅದು ಕೊಳೆತುಹೋದರೆ ಏನು ಗತಿ ಎಂಬ ಚಿಂತೆ ನನಗೆ ಅಲ್ಲೇ ಶುರುವಾಯಿತು.