ಫಾಂಟ್ ಇಲ್ಲದೆ ತೆರೆದ ಬ್ಯಾನರ್

ನಮ್ಮೂರು ಬೀಡಿಯಿಂದ ದೊಡ್ಡಪ್ಪನ ಫೋನ್ ಬಂದಾಗ ನಾನು ಶಹರದ ಉದ್ಯಮಬಾಗದಲ್ಲಿ, ಕೆಲಸಕ್ಕಿರುವ ಫ್ಲೆಕ್ಸ್ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆ. ನನ್ನ ತಮ್ಮನ ಮದುವೆಯ ಬ್ಯಾನರನ್ನು ಅಂಗಡಿ ಮಾಲೀಕರೇ ಮಾಡಿ, ಅದರ ಚಿತ್ರವನ್ನು ಮುಂಜಾನೆ ಊರಿಗೆ ಕಳಿಸಿದ್ದರು.

"ನಾ ಇನ್ನೂ ಉಸಿರಾಡಾಕತ್ತೇನಿ! ಯಾವ ಹುಚ್ಚ ನನ್ನ ಹೆಸರಿನ ಮುಂದ ಲಿಂ. ಹಚ್ಯಾನ?"

ನಮ್ಮಲ್ಲಿ ತೀರಿಕೊಂಡವರ ಹೆಸರಿಗಷ್ಟೇ 'ಲಿಂ.' ಹಚ್ಚುತ್ತಾರೆ, ಲಿಂಗೈಕ್ಯ ಎಂದರ್ಥ. ಹೋದ ವರ್ಷ ತೀರಿಕೊಂಡವನು ನಮ್ಮಪ್ಪ. ದೊಡ್ಡಪ್ಪ ಗುಂಡುಕಲ್ಲಿನ ಹಾಗಿದ್ದಾನೆ!

ಮಧ್ಯಾಹ್ನ ಬ್ಯಾನರ್ ಪ್ರಿಂಟಿಗೆ ಹೋಗಬೇಕು. ಓಡಿ ಹೋಗಿ ಡಿಸೈನ್ ಮಾಡುವ ಪ್ರೋಗ್ರಾಮ್ ತೆರೆಯಲು ನೋಡಿದರೆ, ಆ ಸುಡಗಾಡು ಫಾಂಟುಗಳನ್ನು ಹುಡುಕುತ್ತ ಕೂತುಬಿಟ್ಟಿತು. ಮಾಲೀಕರು ಕಂಡಕಂಡ ಫಾಂಟುಗಳನ್ನೆಲ್ಲ ತುಂಬಿದರೆ ಅದಾದರೂ ಏನು ಮಾಡೀತು? ಕಡೆಗೆ ಕಮಾಂಡ್ ಬರೆಯುವ ಕಪ್ಪು ಕಿಟಕಿ ತೆರೆದು, ಪ್ರೋಗ್ರಾಮಿನ ಹೆಸರು ಬಡಿದು, ಅದರ ಮುಂದೆ ಎರಡು ಅಡ್ಡಗೆರೆ ಹಾಕಿ 'ನೋ-ಫಾಂಟ್ಸ್' ಎಂದು ಇಂಗ್ಲಿಷಿನಲ್ಲಿ ಸೇರಿಸಿದೆ. ಫಾಂಟುಗಳ ಗೊಡವೆಗೇ ಹೋಗಬೇಡ, ಸುಮ್ಮನೆ ಬಾಗಿಲು ತೆಗೆ ಎಂದು ಹೇಳಿದ ಹಾಗೆ. ತಟ್ಟನೆ ತೆರೆಯಿತು. ಹೀಗೆ ತೆರೆದರೆ ಹೊಸ ಅಕ್ಷರ ಬರೆಯಲಾಗದು. ಇದ್ದ ಅಕ್ಷರಗಳನ್ನು ಚಿತ್ರದಂತೆ ಕತ್ತರಿಸಿ ಅಲ್ಲಿಂದಿಲ್ಲಿಗೆ ಸರಿಸಬಹುದು. ನನಗೆ ಅಷ್ಟು ಸಾಕಿತ್ತು.

ದೊಡ್ಡಪ್ಪನ 'ಲಿಂ.' ಕತ್ತರಿಸಿ ಪಕ್ಕಕ್ಕಿಟ್ಟು ಅಪ್ಪನ ಹೆಸರು ನೋಡಿದೆ. ಅಯ್ಯೋ ಶಿವನೇ! ಅದರ ಮುಂದೆ 'ಶ್ರೀ' ಇತ್ತು, ಬದುಕಿದ್ದವರಿಗೆ ಹಾಕುವ ಹಾಗೆ. ಇದನ್ನು ಅವ್ವ ನೋಡಿದರೆ ಏನು ಗತಿ ಎಂದು ಗಾಬರಿಯಾಗಿ ಫೋನ್ ಹಚ್ಚಿದೆ.

"ಅವ್ವಾ, ಬ್ಯಾನರ್ ನೋಡಿದೇನ?"

"ಮುಂಜಾನೇನ ನೋಡೇನಿ."

"ಮತ್ತ ಒಂದ್ ಮಾತ ಹೇಳಬಾರದಿತ್ತ? ದೊಡ್ಡಪ್ಪ ಬೆಂಕಿ ಆಗ್ಯಾನ!"

"ಅವರ ಹೆಸರ ನಾ ನೋಡೇ ಇಲ್ಲವಾ. ನಿಮ್ಮಪ್ಪಂದಷ್ಟ ನೋಡಿಕೋತ ಕುಂತಿದ್ದೆ," ಎಂದಳು ಅವ್ವ. "ಶ್ರೀ ಅಂತ ಇತ್ತಲ್ಲ. ಇರ್ಲಿ ಬಿಡು ಅನಿಸ್ತು."

ನಾನು ಮೌಸಿನ ಮೇಲಿಂದ ಕೈ ತೆಗೆದೆ.

"ಸರಿ ಮಾಡವಾ," ಎಂದು ಅವಳೇ ಹೇಳಿದಳು. "ಮಂದಿ ಏನರ ಅಂದಾರು."

ಅಪ್ಪನ ಹೆಸರಿನ 'ಶ್ರೀ' ಕಿತ್ತು ದೊಡ್ಡಪ್ಪನಿಗೆ ಹಚ್ಚಿದೆ. ಆಮೇಲೆ ಮಾತಾಡುತ್ತೇನೆ, ಫೋನ್ ಇಡು ಎಂದರೂ ಅವ್ವ ಇಡಲಿಲ್ಲ. ಪಕ್ಕಕ್ಕಿಟ್ಟಿದ್ದ 'ಲಿಂ.' ಎತ್ತಿ ಅಪ್ಪನ ಹೆಸರಿನ ಮುಂದೆ ಕೂಡಿಸಿದೆ.

"ಆತೇನವಾ?" ಎಂದಳು.

"ಆತವ್ವಾ," ಎಂದೆ.