ಮೂರು ತೂತಿನ ಗಾಯ

ಅಪ್ಪನ ಬಲ ಶ್ವಾಸಕೋಶದಲ್ಲಿದ್ದದ್ದು ಕ್ಯಾನ್ಸರ್ ಎಂದು ನನಗೆ ಗೊತ್ತಿತ್ತು. ಅವನಿಗೆ ಮಾತ್ರ ಏನೋ ಒಂದು ಗಂಟು ಎಂದಷ್ಟೇ ಹೇಳಿ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಹೊಸದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ಆದರೂ ಸುಳ್ಳು ಸಲೀಸಾಗಿ ಬಾಯಿಗೆ ಬಂತು.

ಆಪರೇಷನ್ ಚೆನ್ನಾಗಿಯೇ ಆಯಿತು. ಎದೆ ಸೀಳಲಿಲ್ಲ. ಪಕ್ಕೆಯಲ್ಲಿ ಮೂರು ಸಣ್ಣ ತೂತು ಮಾಡಿ, ಒಂದರಿಂದ ಕ್ಯಾಮೆರಾ ಬಿಟ್ಟು, ಕೆಟ್ಟ ಭಾಗವನ್ನು ಒಳಗೇ ಒಂದು ಚೀಲಕ್ಕೆ ತುಂಬಿ ಹೊರಗೆಳೆದಿದ್ದರು. ಅಷ್ಟರಲ್ಲಿ ಪಕ್ಕದ ಹಾಸಿಗೆಯವರು ಅಪ್ಪನಿಗೆ ರೋಗದ ಹೆಸರು ಹೇಳಿಬಿಟ್ಟಿದ್ದರು. ಅವನು ನನ್ನನ್ನು ಏನೂ ಕೇಳಲಿಲ್ಲ.

ಊರಿಗೆ ಬಂದ ಮೇಲೆ ಕನ್ನಡಿ ಹಿಡಿದು ಗಾಯ ನೋಡಿಕೊಂಡ. ಜೀವಮಾನವಿಡೀ ಕುರಿ ಕಾಯ್ದವನು. ಕುಯ್ದ ಕುರಿಯ ಪುಪ್ಪುಸ ಎಷ್ಟು ದೊಡ್ಡದಿರುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಇಷ್ಟು ತೂತಾಗೆ ಅದು ಹೆಂಗೆ ಬರ್ತೈತೆ? ಇನ್ನು ಆಗಲ್ಲ ಅಂತ ಹೊಲ್ದು ಕಳ್ಸವ್ರೆ. ಅವತ್ತು ಗಂಟು ಅಂದೆ, ಇವತ್ತು ತೆಗ್ದವ್ರೆ ಅಂತೀಯ. ಯಾವ್ದನ್ನ ನಂಬ್ಲಿ?"

ಮಾರನೇ ದಿನವೇ ಅಪ್ಪ ಚಿಕ್ಕಪ್ಪನನ್ನು ಕರೆಸಿ, ಇಡೀ ಮಂದೆಯನ್ನು ಅವನಿಗೆ ಒಪ್ಪಿಸಿಬಿಟ್ಟ. ಕುರಿ ಕೂಡುತ್ತಿದ್ದ ಖಾಲಿ ರೊಪ್ಪದ ಮುಂದೆ ಸಾವಿಗೆ ಕಾಯುತ್ತ ಕೂತ ಅಪ್ಪನನ್ನು ನೋಡಿ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಸಿಟ್ಟು ಹೆಚ್ಚಾಗಿ ನನ್ನ ಮೇಲೆಯೇ.

ತಪಾಸಣೆಗೆ ಹೋದಾಗ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ. ಆಪರೇಷನ್ನಿನ ವೀಡಿಯೊ ಹಾಕಿ, "ನೀವೇ ನೋಡಿ ಯಜಮಾನ್ರೆ" ಎಂದರು. ಅಪ್ಪ ಪರದೆಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡ.

"ಕುರೀದು ಹಿಂಗಿರಲ್ಲ, ತಿಳಿಗೆಂಪಗೆ ಇರ್ತೈತೆ" ಎಂದ. ಆಮೇಲೆ ಅಲ್ಲಿ ಹರಡಿಕೊಂಡಿದ್ದ ಕಪ್ಪು ಮಚ್ಚೆಗಳ ಮೇಲೆ ಬೆರಳಿಟ್ಟ. "ಇದು ಬೀಡಿ ಸೇದಿದೋನ್ದು. ನಂದೇ."

ಚೀಲ ಮಡಚಿಕೊಂಡು ತೂತಿನಿಂದ ನಿಧಾನಕ್ಕೆ ಹೊರಬಂದದ್ದನ್ನು ಎರಡು ಸಲ ಹಾಕಿಸಿಕೊಂಡು ನೋಡಿದ.

ವಾಪಸ್ ಬರುವಾಗ, ಬಸ್ಸು ಹಿರಿಯೂರು ದಾಟಿದ ಮೇಲೆ ಅಪ್ಪ ನನ್ನ ಕಡೆ ತಿರುಗಿದ.

"ಕುರಿಗೆ ರೋಗ ಬಂದಾಗ ನಾನು ಯಾವತ್ತಾದ್ರೂ ನಿಂಗೆ ಮುಚ್ಚಿಟ್ಟಿದ್ನಾ?" ಎಂದ.

"ಇಲ್ಲಪ್ಪ. ತಪ್ಪಾಯ್ತು."

ಅಪ್ಪ ಜೇಬಿನಲ್ಲಿದ್ದ ಬೀಡಿ ಕಟ್ಟನ್ನು ನನ್ನ ಕೈಗೆ ಕೊಟ್ಟ.

"ನಿಮ್ಮ ಚಿಕ್ಕಪ್ಪಂಗೆ ಫೋನ್ ಮಾಡು. ಕುರಿ ಹೊಡ್ಕೊಂಡು ಬರಾಕೆ ಹೇಳು."